ಏರಿನಲ್ಲಿ ಕೂರುವ ನಾಯಿ

ನಮ್ಮ ನಾಯಿ ಏರಿನಲ್ಲಿ ಕೂರುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಕೂತರೆ ನನಗೆ ಕಿಟಕಿಯಿಂದ ಇಡೀ ಏರು ಕಾಣುತ್ತದೆ. ಕೆಳಗೆ ವೃತ್ತದ ಹತ್ತಿರ ಶುರುವಾಗಿ, ಬೀಗ ಬಿದ್ದ ಗೋದಾಮಿನ ಉದ್ದ ಗೋಡೆಗೆ ಅಂಟಿಕೊಂಡು, ನಮ್ಮ ಗೇಟಿನವರೆಗೆ ಬರುವ ರಸ್ತೆ ಅದು. ಸಂಜೆ ನನ್ನ ಗಂಡ ನಾಯಿಯನ್ನು ತಿರುಗಾಡಿಸಿಕೊಂಡು ಬರುವ ಹೊತ್ತಿಗೆ ನಾನು ಯಾರದೋ ಅಂಗಿಗೆ ತೋಳು ಕೂರಿಸುತ್ತಿರುತ್ತೇನೆ. ಗೋಡೆಯ ನಡುಮಧ್ಯೆ ಇಬ್ಬರೂ ನಿಲ್ಲುತ್ತಿದ್ದರು. ನಾಯಿ ಕುಂಡಿ ಊರಿ ಕೂರುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ನಡೆಯುತ್ತಿತ್ತು, ಮತ್ತೆ ಕೂರುತ್ತಿತ್ತು. ಕೂತಾಗ ಅದು ರಸ್ತೆ ನೋಡುತ್ತಿರಲಿಲ್ಲ. ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿತ್ತು.

ಮೊದಮೊದಲು ನಾನು ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ತಿಂದು ತಿಂದು ಸೋಮಾರಿಯಾಗಿದೆ ಅಂದುಕೊಂಡೆ. ಆಮೇಲೆ ಗೋಡೆಯ ನಡುವೆ ಕೂರುತ್ತಿದ್ದದ್ದು ಗೋಡೆ ಶುರುವಾಗುವಲ್ಲೇ ಕೂರತೊಡಗಿತು. ಇನ್ನೂ ಕೆಲವು ವಾರ ಕಳೆಯುವುದರೊಳಗೆ ಗೋಡೆಯನ್ನು ಮುಟ್ಟುವ ಮೊದಲೇ, ದೀಪದ ಕಂಬದ ಬುಡದಲ್ಲೇ. ಕಾಣದ ಏನೋ ಒಂದು ಆ ಏರಿನ ಮೇಲಿಂದ ದಿನಾ ಗೇಣುಗೇಣಾಗಿ ಕೆಳಗಿಳಿದು ಅವರನ್ನು ಎದುರುಗೊಳ್ಳುತ್ತಿದೆ ಎಂದು ನನಗೆ ಅನ್ನಿಸತೊಡಗಿತು. ಅದನ್ನು ಬಾಯಿಬಿಟ್ಟು ಹೇಳಿದರೆ "ನಿನ್ನ ತಲೆಯೊಳಗೂ ಒಂದು ಹೊಲಿಗೆ ಮಷೀನು ಓಡ್ತಾ ಇರುತ್ತೆ ಕಣೇ" ಎಂದು ನಗುತ್ತಾರೆ. ಅದಕ್ಕೇ ಸುಮ್ಮನಿದ್ದೆ.

"ಕಾಲು ನೋಯುತ್ತೆ ಪಾಪ," ಎನ್ನುತ್ತಿದ್ದರು ಗೇಟು ತೆಗೆಯುತ್ತಾ. "ಬೆಳೆಯೋ ಮೂಳೆ. ಅವನಿಗೆ ಸುಸ್ತಾದಾಗ ನಿಲ್ಲಲೇಬೇಕು."

ಅವನು ಅಂದರೆ ಮರಿ. ಬಂದ ದಿನ ಇಟ್ಟ ಹೆಸರು ಅದು. ಈಗ ಕರುವಿನಷ್ಟಾಗಿದ್ದಾನೆ, ಮುಂಗಾಲೆತ್ತಿ ನನ್ನ ಹೆಗಲ ಮೇಲಿಟ್ಟರೆ ನಾನು ಗೋಡೆಗೆ ಒರಗಬೇಕು, ಆದರೂ ಮರಿಯೇ.

ನನ್ನ ಗಂಡ ಅಗ್ನಿಶಾಮಕ ಠಾಣೆಯವರು. ಮದುವೆಯಾದಾಗಿನಿಂದ ನಾನು ಕಂಡಂತೆ ಅವರು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಬೆಳಗಾದರೆ ಠಾಣೆಯ ಗುಂಪಿನ ಜೊತೆ ಕಾಲುವೆ ದಂಡೆಯುದ್ದಕ್ಕೂ ಓಟ. ಬಂದು ಗಟಗಟ ನೀರು ಕುಡಿದು, ಬೆವರಿನ ಬನಿಯನ್ನನ್ನು ಸರಿಯಾಗಿ ನನ್ನ ಕತ್ತರಿಯ ಮೇಲೆ ಎಸೆಯುವುದು. ಎಷ್ಟು ಬೈದರೂ ಅಷ್ಟೇ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ ಅವರೊಬ್ಬರೇ ಇದ್ದದ್ದು, ಅದನ್ನೂ ಅವರು ಚೆನ್ನಾಗಿಯೇ ನಿಭಾಯಿಸುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ, ಹೇಳದೆ ಕೇಳದೆ, ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಬೋಗುಣಿಯಂಥ ತಲೆ, ಅಳತೆ ಮೀರಿದ ಪಾದಗಳು. ಆ ಪಾದ ನೋಡಿಯೇ ನಾನು ಹೌಹಾರಿದೆ.

"ಇದು ಎಷ್ಟು ದೊಡ್ಡದಾಗುತ್ತೆ ರೀ?"

"ಆಗಲಿ ಬಿಡು. ದೊಡ್ಡವನಾದ ಮೇಲೆ ಇಬ್ಬರೂ ಒಟ್ಟಿಗೆ ಓಡ್ತೀವಿ."

ಮೊದಲ ಚುಚ್ಚುಮದ್ದಿಗೆ ಹೋದಾಗ ನಾನೂ ಜೊತೆಗಿದ್ದೆ. ನಾಯಿ ಡಾಕ್ಟರು ಗಟ್ಟಿ ದನಿಯ ಹೆಂಗಸು, ಬಳಸು ಮಾತು ಗೊತ್ತಿಲ್ಲ. ಮರಿಯ ಮೊಣಕಾಲನ್ನು ಹಿಡಿದು ತೋರಿಸಿ ಹೇಳಿದರು: "ಇಷ್ಟು ದೊಡ್ಡ ಜಾತಿಗೆ ಮೂಳೆಯ ತುದಿ ಒಂದೂವರೆ ವರ್ಷದವರೆಗೂ ಮೆತ್ತಗಿರುತ್ತೆ. ಕೆಲವಕ್ಕೆ ಇನ್ನೂ ತಡ. ಅಲ್ಲಿಯವರೆಗೆ ರಸ್ತೆಯಲ್ಲಿ ಎಳ್ಕೊಂಡು ಓಡಿಸಬೇಡಿ. ಹುಲ್ಲಿನ ಮೇಲೆ ಅವನಾಗಿ ಆಡಿದರೆ ಆಡಲಿ, ಸಾಕು ಅನ್ನಿಸಿದಾಗ ಅವನೇ ನಿಲ್ತಾನೆ. ನಿಮ್ಮ ಜೊತೆ ಓಡೋಕೆ ಬಿಟ್ಟರೆ ಮಾತ್ರ ನಿಲ್ಲಲ್ಲ. ನಿಮ್ಮನ್ನ ಮೆಚ್ಚಿಸೋಕೆ ಕಾಲು ಮುರಿಯೋವರೆಗೂ ಓಡ್ತಾನೆ. ವಯಸ್ಸಾದ ಮೇಲೆ ಒಂದು ಎಕ್ಸ್‌ರೇ ತೆಗೆದು ನೋಡೋಣ, ಗೆರೆ ಮುಚ್ಚಿಕೊಂಡಿದ್ದರೆ ನಿಧಾನಕ್ಕೆ ಶುರು ಮಾಡಿ."

ನನ್ನ ಗಂಡ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವರಲ್ಲ. ಆದರೆ ಅವತ್ತು ಡಾಕ್ಟರು ಹೇಳಿದ್ದನ್ನು ವೇದವಾಕ್ಯದ ಹಾಗೆ ಹಿಡಿದುಕೊಂಡರು. ಮಾರನೆಯ ದಿನದಿಂದ ಕಾಲುವೆ ದಂಡೆಯ ಓಟ ನಿಂತಿತು. "ಇವನನ್ನ ಕಟ್ಟಿ ಹಾಕಿ ನಾನು ಓಡೋದಾ? ಅವನು ಓಡೋ ದಿನ ನಾನೂ ಓಡ್ತೀನಿ." ಅದಾದ ಮೇಲೆ ಬೆಂಕಿ ಆರಿಸುವ ಗಾಡಿಯ ಕೆಲಸ ಬಿಟ್ಟು ಠಾಣೆಯಲ್ಲಿ ಫೋನಿನ ಮೇಜು ಕೇಳಿ ಪಡೆದರು. ಮರಿ ಚಿಕ್ಕವನು, ಹೊತ್ತಲ್ಲದ ಹೊತ್ತಲ್ಲಿ ಗಂಟೆ ಹೊಡೆದರೆ ಎದ್ದು ಓಡುವುದು ಸದ್ಯಕ್ಕೆ ಬೇಡ ಎಂದರು. ಆ ವರ್ಷದ ದೈಹಿಕ ಪರೀಕ್ಷೆಯನ್ನೂ ಮುಂದೂಡಿಸಿಕೊಂಡರು. ಯಾರು ಏನು ಕೇಳಿದರೂ ಉತ್ತರ ಒಂದೇ, ಮರಿ.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನನಗೆ ಜ್ವರ ಬಂದಾಗ ಒಂದು ದಿನ ರಜೆ ಹಾಕದ ಮನುಷ್ಯ ನಾಯಿಗೋಸ್ಕರ ಇಪ್ಪತ್ತು ವರ್ಷದ ಓಟ ಬಿಟ್ಟರು. "ನನಗೆ ಸವತಿ ತಂದಿದ್ದೀರಿ, ಅದೂ ನಾಲ್ಕು ಕಾಲಿನದು," ಎಂದೆ. ಅವರ ಹೊಟ್ಟೆ ಮುಂದೆ ಬಂತು. ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡಿಕೊಟ್ಟೆ. ಮತ್ತೆ ಬಿಚ್ಚಿ ಮತ್ತೆ ಹೊಲಿದೆ. ಒಳಗಿದ್ದ ಬಟ್ಟೆಯೆಲ್ಲ ಮುಗಿದ ಮೇಲೆ ಪಟ್ಟಿ ಸೇರಿಸಿದೆ.

ಮರಿಗೆ ಒಂದೂವರೆ ವರ್ಷ ತುಂಬಿತು. ಎಕ್ಸ್‌ರೇ ಮಾತೆತ್ತಿದರೆ ಅವರು ಮೀನಮೇಷ ಎಣಿಸುತ್ತಿದ್ದರು. ಇನ್ನೊಂದು ತಿಂಗಳು ಹೋಗಲಿ ಎಂದರು. ಆ ತಿಂಗಳೂ ಹೋಯಿತು. ಅಷ್ಟರಲ್ಲಿ ಠಾಣೆಯಿಂದ ಅವರ ಜೊತೆಗಾರ ಮನೆಗೆ ಬಂದ. ಉದ್ದಕ್ಕಿರುವುದರಿಂದ ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬಂದು, ಕೂರುವ ಮೊದಲೇ ವಿಷಯಕ್ಕೆ ಬಂದ.

"ಅತ್ತಿಗೆ, ನೀವಾದ್ರೂ ಹೇಳಿ. ಬರೋ ತಿಂಗಳು ಪರೀಕ್ಷೆ. ಈ ಸಲನೂ ತಪ್ಪಿಸಿದ್ರೆ ಗಾಡಿ ಹತ್ತೋದು ಮರೆತುಬಿಡಬೇಕು. ಅಣ್ಣ ಓಡೋದು ಮರೆತಿದ್ದಾರೆ."

"ಮರಿ ಎಕ್ಸ್‌ರೇ ಆಗಲಿ," ಎಂದರು ಇವರು. "ಅವನ ಜೊತೆ ಶುರು ಮಾಡ್ತೀನಿ."

ಏಣಿ ನನ್ನ ಮುಖ ನೋಡಿದ. ನಾನು ಅವರ ಮುಖ ನೋಡಿದೆ. ಅವರು ನಾಯಿಯ ಕಿವಿ ಸವರುತ್ತಾ ಕೂತಿದ್ದರು. ತುಟಿಯ ಬಣ್ಣ ಯಾಕೋ ಮಾಸಿದ ಹಾಗಿತ್ತು. ಕಿಟಕಿಯ ಪರದೆ ನೀಲಿ, ಅದರ ಬೆಳಕಿರಬೇಕು ಎಂದುಕೊಂಡೆ.

ಅವತ್ತು ನಾನು ಕಟ್ಟಿಕೊಂಡ ಲೆಕ್ಕ ಇದು: ಮರಿಯ ಕಾಲಿನಲ್ಲೋ ಸೊಂಟದ ಕೀಲಿನಲ್ಲೋ ಏನೋ ಕೆಟ್ಟಿದೆ, ಇವರಿಗೆ ಅದು ಗೊತ್ತಾಗಿದೆ, ಡಾಕ್ಟರ ಬಾಯಲ್ಲಿ ಕೇಳುವ ಧೈರ್ಯವಿಲ್ಲ. ದೊಡ್ಡ ಜಾತಿಯ ನಾಯಿಗಳಿಗೆ ಸೊಂಟ ಬಿದ್ದುಹೋದರೆ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುತ್ತಾರೆ ಎಂದು ಬಟ್ಟೆ ಹೊಲಿಸಲು ಬರುವ ಒಬ್ಬಳು ಹೇಳಿದ್ದಳು. ಸವತಿ ಸವತಿ ಎಂದು ಬೈಯುತ್ತಲೇ ನಾನೂ ಅವನನ್ನು ಹಚ್ಚಿಕೊಂಡಿದ್ದೆ. ಯಂತ್ರದ ಕೆಳಗೆ ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದ. ಆ ಭಾರ ಇಲ್ಲದೆ ಹೊಲಿಗೆ ಸಾಗುತ್ತಿರಲಿಲ್ಲ. ಸಂಜೆ ಕಿಟಕಿಯಲ್ಲಿ ಅವನು ಕೂರುವುದನ್ನು ಕಂಡಾಗಲೆಲ್ಲ ಯಂತ್ರ ನಿಲ್ಲಿಸುತ್ತಿದ್ದೆ. ಇವತ್ತು ಎಲ್ಲಿ ಕೂತ? ಕಂಬದಲ್ಲಿ. ಇವತ್ತು? ಕಂಬಕ್ಕಿಂತ ಕೆಳಗೆ.

ಕೊನೆಗೆ ಒಂದು ದಿನ ಅವರು ಕೆಲಸಕ್ಕೆ ಹೋದ ಮೇಲೆ ನಾನೇ ಹಗ್ಗ ಹಾಕಿ, ಟ್ಯಾಕ್ಸಿಯವನನ್ನು ಗೋಗರೆದು, ಹಿಂದಿನ ಸೀಟಿಗೆ ಹಳೆಯ ಪರದೆ ಹಾಸಿ ಮರಿಯನ್ನು ಕರೆದುಕೊಂಡು ಹೊರಟೆ. ಅವನನ್ನು ನಾನು ಒಬ್ಬಳೇ ಬೀದಿಗೆ ಕರೆದುಕೊಂಡು ಹೋದದ್ದು ಅದೇ ಮೊದಲು. ಅಷ್ಟು ಬಲದವನನ್ನು ಹಿಡಿಯುವ ತಾಕತ್ತು ನನಗಿಲ್ಲ ಎಂದು ಇವರು ಎಂದೂ ಬಿಟ್ಟಿರಲಿಲ್ಲ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಕಾಲು ಮಡಚಿದರು, ಚಾಚಿದರು, ಸೊಂಟ ಒತ್ತಿದರು. ಮರಿ ಆಕಳಿಸಿದ. ಎಕ್ಸ್‌ರೇ ಕೋಣೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಸೆರಗಿನ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚುತ್ತಿದ್ದೆ, ನನ್ನ ಕೈಯಾರೆ ಹಾಕಿದ ಹೊಲಿಗೆಯನ್ನು.

ಆಮೇಲೆ ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು.

"ಇಲ್ಲಿ ನೋಡಿ. ಚಿಕ್ಕವನಿದ್ದಾಗ ಇಲ್ಲೊಂದು ಕಪ್ಪು ಗೆರೆ ಇರುತ್ತೆ, ಮೂಳೆ ಬೆಳೆಯೋ ಜಾಗ. ಈಗ ಇಲ್ಲ. ಮುಚ್ಚಿಕೊಂಡಿದೆ. ಇದು ಸೊಂಟ. ಇಷ್ಟು ಚೆಂದದ ಸೊಂಟ ಈ ಜಾತಿಯಲ್ಲಿ ನಾನು ನೋಡಿದ್ದು ಕಡಿಮೆ."

"ಹಾಗಾದ್ರೆ ಯಾಕೆ ಕೂರ್ತಾನೆ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಬನ್ನಿ, ನಡೆಸಿ ನೋಡೋಣ."

ಆಸ್ಪತ್ರೆಯ ಹಿಂದೆ ಹುಲ್ಲಿನ ಅಂಗಳವಿತ್ತು. ನಾನು ಹಗ್ಗ ಹಿಡಿದು ನಡೆದೆ. ಮರಿ ಪಕ್ಕದಲ್ಲೇ ಬಂದ, ಎಳೆಯಲೂ ಇಲ್ಲ, ಹಿಂದೆ ಬೀಳಲೂ ಇಲ್ಲ. ಬೇಲಿಯವರೆಗೆ ಹೋಗಿ ನಾನು ನಿಂತೆ. ಅವನು ತಟ್ಟನೆ ಕೂತು ತಲೆಯೆತ್ತಿ ನನ್ನ ಮುಖ ನೋಡಿದ.

"ನೋಡಿ, ನೋಡಿ. ಕೂತ," ಎಂದೆ.

"ಮತ್ತೆ ನಡೀರಿ," ಎಂದರು ಡಾಕ್ಟರು. ನಡೆದೆ. "ನಿಲ್ಲಿ." ನಿಂತೆ. ಮರಿ ಕೂತ. "ಈಗ ಸ್ವಲ್ಪ ಓಡಿ." ಈ ವಯಸ್ಸಿಗೆ ಚಪ್ಪಲಿ ಕಳಚಿಟ್ಟು, ಸೀರೆ ಎತ್ತಿ ಕಟ್ಟಿ, ನಾಯಿಯ ಜೊತೆ ಓಡಿದೆ. ಅವನ ಕಾಲುಗಳು ಹುಲ್ಲಿನ ಮೇಲೆ ಎಷ್ಟು ಹಗುರಾಗಿ ಬೀಳುತ್ತಿದ್ದವೆಂದರೆ ನನಗೆ ನಗು ಬಂತು. ಏದುಸಿರು ಬಂದು ನಿಂತೆ. ಅವನು ಕೂತ.

ಡಾಕ್ಟರು ನಗಲಿಲ್ಲ. ಹತ್ತಿರ ಬಂದು ಮರಿಯ ತಲೆಯ ಮೇಲೆ ಕೈಯಿಟ್ಟರು.

"ಅಮ್ಮಾ, ಇವನು ಸುಸ್ತಾಗಿ ಕೂರ್ತಿಲ್ಲ. ಜೊತೆಗಿರೋರು ನಿಂತರೆ ಕೂರಬೇಕು ಅಂತ ಯಾರೋ ಚೆನ್ನಾಗಿ ಕಲಿಸಿದ್ದಾರೆ. ನೀವು ನಿಂತಿದ್ದಕ್ಕೆ ಕೂತ." ಆಮೇಲೆ ಕೇಳಿದರು, "ದಿನಾ ಏರಿನಲ್ಲಿ ಇವನ ಹಗ್ಗ ಹಿಡಿಯೋದು ಯಾರು?"

"ನನ್ನ ಗಂಡ," ಎಂದೆ. ಅವರ ಠಾಣೆಯಲ್ಲಿ ಒಂದು ಪದ್ಧತಿಯಿದೆ. ಹೊಗೆಯೊಳಗೆ ಯಾವಾಗಲೂ ಇಬ್ಬಿಬ್ಬರೇ ಹೋಗಬೇಕು, ಮತ್ತು ಹೊರಗೆ ಬಂದ ಮೇಲೆ ಯಾರೂ ತನ್ನ ಬಗ್ಗೆ ತಾನು ಹೇಳುವಂತಿಲ್ಲ, ಜೊತೆಗಾರನ ಬಗ್ಗೆ ಹೇಳಬೇಕು. ಹೊಗೆ ಕುಡಿದವನಿಗೆ ತಾನು ಕುಸಿಯುತ್ತಿರುವುದು ತಿಳಿಯುವುದಿಲ್ಲವಂತೆ. ಅದಕ್ಕೇ ಇವರು ಜೀವಮಾನದಲ್ಲಿ ಒಮ್ಮೆಯೂ "ನನಗೆ ಸಾಕಾಯಿತು" ಎಂದವರಲ್ಲ. ಏಣಿಗೆ ಸಾಕಾಗಿದೆ, ಎನ್ನುತ್ತಿದ್ದರು. ಏಣಿ ಹೇಳುತ್ತಿದ್ದ, ಅಣ್ಣನಿಗೆ ಸಾಕಾಗಿದೆ. ಈಗ ಜೊತೆಗಾರ ಒಂದು ನಾಯಿ, ಅದಕ್ಕೆ ಮಾತು ಬರುವುದಿಲ್ಲ. ತಿಂಗಳುಗಟ್ಟಲೆ ಅದು ಅವರ ಮುಖ ನೋಡಿಕೊಂಡು ಕೂತಿತ್ತು. ಕಿಟಕಿಯಲ್ಲಿ ಕೂತ ನಾನು ನಾಯಿಯ ಕಾಲು ನೋಡುತ್ತಿದ್ದೆ.

ಟ್ಯಾಕ್ಸಿಯಲ್ಲಿ ಅವರ ಫೋನು ಬಂತು. ಮರಿ ಊಟ ಮಾಡಿದನಾ ಎಂದು ದಿನಾ ಆ ಹೊತ್ತಿಗೆ ಕೇಳುತ್ತಾರೆ. ಮಾಡಿದ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಇವತ್ತು ಬೇಗ ಬರುತ್ತೇನೆ, ಎಂದರು. ನಡೆಯಬೇಡಿ, ಅಲ್ಲೇ ಇರಿ, ನಾನೇ ಬರುತ್ತೇನೆ ಎನ್ನುವಷ್ಟರಲ್ಲಿ ಠಾಣೆಯ ಇನ್ನೊಂದು ಫೋನು ಹೊಡೆದುಕೊಂಡಿತು, ಅವರು ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಏಣಿಗೆ ಮಾಡಿದೆ. "ಅಣ್ಣ ಈಗಷ್ಟೇ ಹೊರಟ್ರು ಅತ್ತಿಗೆ, ಯಾಕೆ?" ಎಂದ.

ಟ್ಯಾಕ್ಸಿ ಹಿಂದಿನ ಬೀದಿಯಿಂದ ಬಂದು ನಮ್ಮ ಗೇಟಿನ ಮುಂದೆ ನಿಂತಾಗ ಅವರು ಏರಿನ ಕೆಳಗೆ ಕಾಣಿಸಿಕೊಂಡರು. ಒಬ್ಬರೇ. ಕೈಯಲ್ಲಿ ಹಗ್ಗವಿಲ್ಲ, ಪಕ್ಕದಲ್ಲಿ ನಾಯಿಯಿಲ್ಲ. ಕಂಬಕ್ಕೆ ಇನ್ನೂ ಎಷ್ಟೋ ದೂರ ಇರುವಾಗಲೇ ನಿಂತರು. ಗೋಡೆಯೂ ಇಲ್ಲ ಅಲ್ಲಿ, ಹಿಡಿದುಕೊಳ್ಳಲಿಕ್ಕೆ. ಅತ್ತಿತ್ತ ನೋಡಿ, ಬಗ್ಗಿ, ಬೂಟಿನ ಲೇಸು ಕಟ್ಟುವವರ ಹಾಗೆ ಒಂದು ಮೊಣಕಾಲು ಊರಿ ಕೂತರು. ಠಾಣೆಯ ಬೂಟಿಗೆ ಲೇಸು ಇರುವುದಿಲ್ಲ, ಪಕ್ಕದಲ್ಲಿ ಜಿಪ್ಪು. ಅದರ ಮೇಲೆ ಎರಡೂ ಕೈಯಿಟ್ಟು, ತಲೆ ತಗ್ಗಿಸಿ, ಬಹಳ ಹೊತ್ತು ಇಲ್ಲದ ಲೇಸು ಕಟ್ಟಿದರು. ಬೀದಿಯಲ್ಲಿ ಜನ ಅವರನ್ನು ದಾಟಿ ಹೋಗುತ್ತಿದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಟ್ಯಾಕ್ಸಿಯವನಿಗೆ ಇರು ಎಂದು ಹೇಳಿ, ಮರಿಯನ್ನು ಗೇಟಿನೊಳಗೆ ತಳ್ಳಿ ಚಿಲಕ ಹಾಕಿ, ಇಳಿಯುತ್ತಾ ಹೋದೆ. ಸಿಟ್ಟು ಉಕ್ಕುತ್ತಿತ್ತು. ಅದರ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ. ನನ್ನ ನೆರಳು ಬಿದ್ದಾಗ ಅವರು ಮುಖವೆತ್ತಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತುಟಿಗೆ ಯಾವ ಪರದೆಯ ಬೆಳಕೂ ಬಿದ್ದಿರಲಿಲ್ಲ, ಆದರೂ ಅದೇ ಬಣ್ಣ.

"ಎಲ್ಲಿಗೆ ಹೋಗಿದ್ದೆ?"

"ನಾಯಿ ಡಾಕ್ಟರ ಹತ್ತಿರ."

ಅವರು ಬೂಟಿನ ಮೇಲಿಂದ ಕೈ ತೆಗೆದರು. "ಏನಂದ್ರು? ಓಡಬಹುದಂತಾ?"

"ಅವನು ಓಡಬಹುದು."

ಅವರು ಏಳಲು ನೋಡಿದರು. ನಾನು ಹೆಗಲು ಒತ್ತಿ ಕೂರಿಸಿದೆ. ಅವರು ಎದುರಾಡದೆ ಕೂತದ್ದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

"ಎಲ್ಲಿ ನೋವು?"

"ನೋವು ಅಂತಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ನಿಂತರೆ ಹೋಗುತ್ತೆ." ಆಮೇಲೆ ಸಣ್ಣ ದನಿಯಲ್ಲಿ, "ಮೊದಲೆಲ್ಲ ಬೇಗ ಹೋಗ್ತಿತ್ತು."

ಟ್ಯಾಕ್ಸಿಯನ್ನು ಕೈ ಬೀಸಿ ಕೆಳಗೆ ಕರೆದೆ. ನಾಳೆ ಹೋಗೋಣ ಕಣೇ, ಎಂದರು. ನಾನು ಟ್ಯಾಕ್ಸಿಯ ಬಾಗಿಲು ತೆಗೆದೆ. ನಾಯಿಗೆಂದು ಹಾಸಿದ್ದ ಪರದೆಯ ಮೇಲೆ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ಬೂದು ಅಂಗಿಗೆ ಅಂಟಿಕೊಂಡ ನಾಯಿಯ ಕೂದಲನ್ನು ಒಂದೊಂದಾಗಿ ಕೀಳುತ್ತಾ ಬಂದೆ.

ತುರ್ತು ಕೋಣೆಯ ನರ್ಸು ಚಿಕ್ಕ ವಯಸ್ಸಿನವಳು. ಎದೆಗೆ ತಂತಿಗಳನ್ನು ಅಂಟಿಸುತ್ತಾ ಕೇಳಿದಳು, "ಯಾವಾಗಿಂದ ಹೀಗೆ ಸರ್?"

ಒಂದು ತಿಂಗಳು ಎನ್ನುತ್ತಾರೆ, ಬಹಳವೆಂದರೆ ಎರಡು ಎನ್ನುತ್ತಾರೆ ಎಂದು ನಾನು ಕಾದೆ.

"ನಾಯಿ ಬರೋದಕ್ಕೆ ಮುಂಚಿನಿಂದ."

"ಯಾವ ನಾಯಿ ಸರ್?"

ಅವರು ನನ್ನ ಕಡೆ ತಿರುಗಿದರು. "ಕಾಲುವೆ ದಂಡೆಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡ್ಕೊಳ್ತು. ಹುಡುಗರಿಗೆ ನಡೀರಿ ಬರ್ತೀನಿ ಅಂದೆ, ಬರೋಕಾಗಲಿಲ್ಲ. ಗೊತ್ತಾದ್ರೆ ಗಾಡಿಯಿಂದ ಕಾಯಂ ಇಳಿಸಿಬಿಡ್ತಾರೆ. ಓಟ ನಿಲ್ಲಿಸೋಕೆ ಒಂದು ನೆಪ ಬೇಕಿತ್ತು. ನಾಯಿ ಮಾರೋನ ಹತ್ತಿರ ಹೋಗಿ, ಎಲ್ಲಕ್ಕಿಂತ ತಡವಾಗಿ ಮೂಳೆ ಬಲಿಯೋದು ಯಾವ ಜಾತಿಗೆ ಅಂತ ಕೇಳಿದೆ."

ಯಂತ್ರದಿಂದ ಕಾಗದ ಸುರುಳಿಯಾಗಿ ಹೊರಬಂತು. ಅದನ್ನು ನೋಡಿದ ತುರ್ತು ಕೋಣೆಯ ಡಾಕ್ಟರು ಗಾಲಿಕುರ್ಚಿ ತರಲು ಸನ್ನೆ ಮಾಡಿದರು. ನಾನೇ ನಡೀತೀನಿ, ಎಂದರು ಇವರು. "ಒಂದು ಹೆಜ್ಜೆನೂ ಬೇಡ," ಎಂದರು ಡಾಕ್ಟರು. ಅವರ ದನಿ ಮೆತ್ತಗಿತ್ತು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಕುರ್ಚಿಯ ಪಕ್ಕದಲ್ಲಿ ನಡೆಯುತ್ತಾ ಕೇಳಿದೆ, ನನಗೆ ತಡೆಯಲಾಗಲಿಲ್ಲ. "ಅವನು ಒಂದಲ್ಲ ಒಂದಿನ ಬೆಳೀತಾನಲ್ಲ ರೀ. ಆಮೇಲೆ ಏನು ಮಾಡೋಣ ಅಂತಿದ್ರಿ?"

"ಅಷ್ಟರಲ್ಲಿ ವಾಸಿಯಾಗುತ್ತೆ ಅಂದ್ಕೊಂಡಿದ್ದೆ."

"ಆಗದಿದ್ರೆ?"

ಅವರು ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ತಣ್ಣಗಿದ್ದವು.

"ಆಗದಿದ್ರೆ ನೀನು ಮನೇಲಿ ಒಬ್ಬಳೇ ಆಗ್ತೀಯಲ್ಲ. ಅದಕ್ಕೇ, ದೊಡ್ಡ ನಾಯಿನೇ ಇರಲಿ ಅಂತ."

ಆಯಾ ಕುರ್ಚಿಯನ್ನು ತಳ್ಳುತ್ತಾ ಒಳಬಾಗಿಲಿನವರೆಗೆ ತಂದಳು. ಅಲ್ಲಿಂದ ಮುಂದೆ ನೀವು ಬರೋ ಹಾಗಿಲ್ಲ ಎಂದಳು. ನಾನು ಕೈ ಬಿಡಲಿಲ್ಲ, ಅವಳೇ ಬಿಡಿಸಬೇಕಾಯಿತು.